ಒಂದು ಎಮ್ಮೆಯ ಸಿರಿವಂತ

ಚರ್ಚಿನಲ್ಲಿ ಸುಗ್ಗಿ ಹಬ್ಬದ ಆರಾಧನೆ ನಡೆದಿತ್ತು. ಹೆಂಗಸರ ಸಾಲಿನಲ್ಲಿ ಚಾಪೆಯ ಮೇಲೆ ಕುಳಿತಿದ್ದ ಬಾಳಮ್ಮ ತಲೆ ಎತ್ತಿ ನೋಡಿದರೆ, ಅವಳ ಮನೆಯ ತಾಮ್ರದ ಕೊಡ ಪೀಠದ ಕಡೆಗೆ ಹೊರಟಿದೆ. ಹೊತ್ತವನು ಅವಳ ಗಂಡ ಪೀರಪ್ಪ. ಕೊಡ ಇಳಿಸಿ, ಕೈಮುಗಿದು, ಹೊರಗೆ ಹೋದ. ಮರಳಿ ಬಂದಾಗ ಹೆಗಲ ಮೇಲೆ ಜೋಳದ ಚೀಲವಿತ್ತು. ಅದರ ಹಿಂದೆ ಹೊದೆಯುವ ಕೌದಿಗಳು ಬಂದವು. ಕಾಲು ಕಟ್ಟಿದ ಕೋಳಿಗಳು ಬಂದವು. ಮಗಳ ಮದುವೆಯಲ್ಲಿ ಕೊಂಡಿದ್ದ ಹಿತ್ತಾಳೆಯ ಅಗಲ ತಟ್ಟೆ, ಪರಾತ ಬಂತು. ಕೊನೆಗೆ ರೊಟ್ಟಿ ಸುಡುವ ಹಂಚು ಕೂಡ ಬಂತು. ಹಂಚನ್ನು ತಂದು ದೇವರ ಮುಂದೆ ಇಡುವವನು ಮನೆಯಲ್ಲಿ ಇನ್ನೇನು ಉಳಿಸಿ ಬಂದಾನು?

ಹಬ್ಬಕ್ಕೆ ಎಲ್ಲರೂ ಏನಾದರೊಂದು ತರುತ್ತಾರೆ. ಒಂದು ಸೇರು ತೊಗರಿ, ಒಂದು ಕುಂಬಳಕಾಯಿ, ಸೆರಗಿನಲ್ಲಿ ಕಟ್ಟಿದ ಮೊಟ್ಟೆ. ಮನೆಗೆ ಮನೆಯನ್ನೇ ಹೊತ್ತು ತಂದವರನ್ನು ಆ ಚರ್ಚು ಹಿಂದೆಂದೂ ಕಂಡಿರಲಿಲ್ಲ.

"ಏನ ಬಾಳಮ್ಮ, ಊರ ಬಿಟ್ಟ ಹೊಂಟೀರೇನು?" ಎಂದು ಪಕ್ಕದಲ್ಲಿದ್ದ ಮೋನಮ್ಮ ಪಿಸುಗುಟ್ಟಿದಳು.

ಬಾಳಮ್ಮ ಉತ್ತರ ಕೊಡುವಷ್ಟರಲ್ಲಿ ಹೊರಗೆ ಬೇವಿನ ಮರದ ಕೆಳಗೆ ಎಮ್ಮೆಯೊಂದು ಕೂಗಿತು. ಸಂತೆಯಲ್ಲಿ ನೂರು ಎಮ್ಮೆಗಳ ನಡುವೆ ನಿಂತು ಕೂಗಿದರೂ ಆ ದನಿಯನ್ನು ಅವಳು ಗುರುತಿಸುತ್ತಿದ್ದಳು. ಅದು ಅವಳ ಎಮ್ಮೆ. ಬೆಳಗ್ಗೆ ಅವಳು ಹೆಂಗಸರ ಜೊತೆ ಚರ್ಚಿನ ನೆಲ ಸಾರಿಸಿ, ಕಂಬಗಳಿಗೆ ಜೋಳದ ದಂಟು ಕಟ್ಟಲು ಬಂದದ್ದೇ ತಪ್ಪಾಯಿತು. ಆ ಹೊತ್ತಿನಲ್ಲಿ ಗಂಡ ಮನೆ ಖಾಲಿ ಮಾಡಿದ್ದ.

ಆ ಎಮ್ಮೆಯ ಮಾತು ಇಲ್ಲಿ ಹೇಳಲೇಬೇಕು. ಅವರದು ಮನೂರ್ ಕಡೆಯ ಒಂದು ಸಣ್ಣ ಊರು. ಮೀಸೆ ಮೂಡುವ ಮೊದಲೇ ಪೀರಪ್ಪ ಮನ್ಮಥಪ್ಪ ಸಾಹುಕಾರನ ಅಂಗಳಕ್ಕೆ ಜೀತಕ್ಕೆ ಬಿದ್ದವನು. ಅವನ ಅಪ್ಪನೂ ಅದೇ ಅಂಗಳದಲ್ಲಿ ದುಡಿದು ಅಲ್ಲಿಯೇ ಸತ್ತಿದ್ದ. ಮದುವೆಯಾಗಿ ಬಂದ ಬಾಳಮ್ಮ ಆ ಮನೆಯ ಸಗಣಿ ಬಳಿದಳು, ಕೊಟ್ಟಿಗೆಯ ಮೂಲೆಯಲ್ಲಿ ಹೆತ್ತಳು, ಉಳಿದ ಸಾರನ್ನು ಬೇರೆ ಬೋಗುಣಿಯಲ್ಲಿ ಹಾಕಿಸಿಕೊಂಡು ಮಕ್ಕಳಿಗೆ ಉಣಿಸಿದಳು. ಜೀತ ಇನ್ನು ಇಲ್ಲ ಎಂದು ಸರಕಾರ ಡಂಗುರ ಹೊಡೆಸಿದ ವರ್ಷ, ಗಂಡನ ರಟ್ಟೆ ಹಿಡಿದು ಅಲ್ಲಿಂದ ಎಬ್ಬಿಸಿಕೊಂಡು ಬಂದವಳೂ ಅವಳೇ. ಪೀರಪ್ಪ ಒಬ್ಬನೇ ಆಗಿದ್ದರೆ ಧಣಿಯ ಅಪ್ಪಣೆ ಕೇಳಿಯೇ ಜೀತ ಬಿಡುತ್ತಿದ್ದ, ಅಂದರೆ ಬಿಡುತ್ತಿರಲಿಲ್ಲ.

ಆಮೇಲೆ ಬಾಳಮ್ಮ ತಾಂಡೂರಿನಲ್ಲಿದ್ದ ಮಗಳು ಕೌಶಲ್ಯಾಳ ಮನೆಗೆ ಹೋಗಿ ಬೇಸಿಗೆಗಳನ್ನು ಅಲ್ಲಿಯೇ ಕಳೆದಳು. ಅಳಿಯ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಯಲ್ಲಿದ್ದ. ಅವಳೂ ಅಲ್ಲಿ ತಲೆಯ ಮೇಲೆ ಕಲ್ಲುಚೂರು ಹೊತ್ತಳು. ನೆತ್ತಿಯ ಕೂದಲು ಉದುರಿ ಅಲ್ಲಿ ಅಂಗೈಯಗಲ ಬೋಳಾಯಿತು. ಆ ನೆತ್ತಿಯ ದುಡಿಮೆಯಿಂದ ನಾರಾಯಣಖೇಡದ ಸಂತೆಯಲ್ಲಿ ಎಮ್ಮೆ ಬಂತು. ಹಾಲು ಹೋಟೆಲಿಗೆ ಹೋಗುತ್ತಿತ್ತು, ಹಾಲಿನಿಂದ ಜೋಳ ಬರುತ್ತಿತ್ತು. ಆ ಎಮ್ಮೆ ಬಾಗಿಲಲ್ಲಿ ಇರುವ ತನಕ ಮನ್ಮಥಪ್ಪನ ಅಂಗಳ ತುಳಿಯುವ ಅಗತ್ಯ ಅವರಿಗಿರಲಿಲ್ಲ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ, ಲೆಕ್ಕ ಇಷ್ಟೇ.

ಆದರೆ ಪೀರಪ್ಪನಿಗೆ ಬೇರೆಯೇ ಲೆಕ್ಕ ಹೊಳೆಯಿತು. ಎಮ್ಮೆ ಕಟ್ಟಿದ ದಿನ ಅವನು ಕೂಲಿಗೂ ಹೋಗದೆ ಅದರ ಎದುರು ಕುಕ್ಕರಗಾಲಲ್ಲಿ ಕುಳಿತು ಸಂಜೆಯವರೆಗೆ ನೋಡಿದ. ಅವನು ಹುಟ್ಟಿದಂದಿನಿಂದ ಮೇಯಿಸಿದ ದನವೆಲ್ಲ ಇನ್ನೊಬ್ಬರದು. ತನ್ನದು ಎನ್ನುವ ನಾಲ್ಕು ಕಾಲಿನ ಜೀವ ಅವನ ವಂಶದಲ್ಲೇ ಇದು ಮೊದಲು.

"ಬಾಳಿ, ನಾವೀಗ ಇದ್ದವರ ಪೈಕಿ" ಎಂದಿದ್ದ.

ಬಾಳಮ್ಮ ನಕ್ಕಿದ್ದಳು. ಬಡವನಿಗೆ ಆಸೆಯ ಮಾತಾಡಲು ಯಾರ ಅಪ್ಪಣೆ ಬೇಕು, ಆಡಲಿ ಎಂದುಕೊಂಡಿದ್ದಳು. ಅವನು ಅದನ್ನು ಖರೆ ಎಂದು ನಂಬಿದ್ದ ಎನ್ನುವುದು ಅವಳಿಗೆ ತಿಳಿದಿರಲಿಲ್ಲ.

ಅದೇ ವರ್ಷದ ಸುಗ್ಗಿ ಹಬ್ಬದಲ್ಲಿ ಪಾದ್ರಿ ಆತ್ಮಾರಾಮ ಅವರು ಬೈಬಲಿನ ಆ ಸಿರಿವಂತ ಹುಡುಗನ ಕಥೆ ಹೇಳಿದರು. ಸ್ವಾಮಿಯ ಬಳಿ ಬಂದು ಪರಲೋಕದ ದಾರಿ ಕೇಳಿದ ಹುಡುಗ. ಇದ್ದದ್ದನ್ನೆಲ್ಲ ಮಾರಿ ಬಡವರಿಗೆ ಹಂಚಿ ಬಾ ಎಂದಾಗ ಮುಖ ಸಣ್ಣದು ಮಾಡಿಕೊಂಡು ಹೊರಟುಹೋದ ಹುಡುಗ. ಪಾದ್ರಿ ಅದನ್ನು ಹೇಳಲು ಒಂದು ಕಾರಣವಿತ್ತು. ಚರ್ಚಿನ ಮಾಡು ಹುಲ್ಲಿನದು, ಮಳೆಗಾಲದಲ್ಲಿ ಸೋರುತ್ತಿತ್ತು, ತಗಡು ಹಾಕಿಸಬೇಕಿತ್ತು. ಆದ್ದರಿಂದ ಮನ್ಮಥಪ್ಪ ಸಾಹುಕಾರನನ್ನು ಅತಿಥಿಯಾಗಿ ಕರೆದು, ಹಾರ ಹಾಕಿ, ಇದ್ದ ಒಂದೇ ಕುರ್ಚಿಯಲ್ಲಿ ಕೂರಿಸಿ, ಅವನ ಕಿವಿಗೆಂದೇ ಆ ಕಥೆ ಹೇಳಿದರು. ಸಾಹುಕಾರ ಕೇಳಿದ, "ಛಲೋ ಹೇಳಿದ್ರಿ" ಅಂದ, ಬಾಳೆಹಣ್ಣು ತಿಂದು ಮನೆಗೆ ಹೋದ. ಅವನ ನಿದ್ದೆ ಒಂದು ದಿನವೂ ಕೆಡಲಿಲ್ಲ.

ಕುರ್ಚಿಗೆ ಎಸೆದ ಮಾತು ಚಾಪೆಯ ಮೇಲಿದ್ದವನಿಗೆ ತಗುಲಿತ್ತು. ಪೀರಪ್ಪ ವರ್ಷವಿಡೀ ಅದನ್ನೇ ಮೆಲುಕು ಹಾಕಿದ. ಉಣ್ಣುವಾಗ ತುತ್ತು ಕೈಯಲ್ಲಿ ಹಿಡಿದು, "ಆ ಹುಡುಗ ಹೊಳ್ಳಿ ಹೋದನಲ್ಲ ಬಾಳಿ, ಮುಂದ ಅವನ ಗತಿ ಏನಾತು?" ಎಂದು ಕೇಳುತ್ತಿದ್ದ. "ನಿನಗ್ಯಾಕ ಬೇಕ ಅದು, ಉಣ್ಣು" ಎಂದು ಅವಳು ಗದರಿಸುತ್ತಿದ್ದಳು. ಊರ ಸಾಹುಕಾರ ಕೇಳಬೇಕಾದ ಪ್ರಶ್ನೆಯನ್ನು ಅವಳ ಗಂಡ ಕೇಳುತ್ತಿದ್ದ.

ಆರಾಧನೆ ಮುಗಿಯಿತು. ಈಗ ಹರಾಜು. ಪೀಠದ ಮುಂದೆ ಬಂದ ಕಾಣಿಕೆಯನ್ನೆಲ್ಲ ಅಂಗಳದಲ್ಲಿ ಕೂಗಿ ಮಾರುವುದು ಈ ಹಬ್ಬದ ಪದ್ಧತಿ. ಅದು ನಗೆಯ ಹೊತ್ತು. ಒಬ್ಬ ನಿಂಬೆಹಣ್ಣು ಕೊಂಡು ಮತ್ತೆ ಅಲ್ಲಿಯೇ ಇಡುತ್ತಾನೆ, ಅದನ್ನೇ ಇನ್ನೊಬ್ಬ ಕೊಳ್ಳುತ್ತಾನೆ, ನಿಂಬೆಹಣ್ಣಿಗೆ ಕೋಳಿಯ ಬೆಲೆ ಬರುತ್ತದೆ. ಬಂದ ಹಣ ಚರ್ಚಿನ ಪೆಟ್ಟಿಗೆಗೆ. ಈ ವರ್ಷವೂ ಕುರ್ಚಿ ಇತ್ತು. ಕುರ್ಚಿಯಲ್ಲಿ ಮನ್ಮಥಪ್ಪನೂ ಇದ್ದ. ಪಾದ್ರಿಗೆ ತಗಡಿನ ಆಸೆ ಇನ್ನೂ ಹೋಗಿರಲಿಲ್ಲ.

ಕೂಗುವವರು ಕಲ್ಯಾಣಪ್ಪ ಮಾಸ್ತರರು. ಕುಂಬಳಕಾಯಿ ಮುಗಿಸಿ ಅವರು ಬೇವಿನ ಮರದ ಕಡೆ ತಿರುಗುತ್ತಲೇ ಬಾಳಮ್ಮ ಎದ್ದು ಬಂದಳು.

"ಮಾಸ್ತರ, ಜರಾ ತಡೀರಿ. ಪಾದ್ರಿ ಸಾಬ್ರ, ಈ ಎಮ್ಮಿ ನಂದು. ನನ್ನ ಕೇಳದೇ ತಂದಾನ. ಇದನ್ನ ಲಿಲಾವ ಮಾಡಬ್ಯಾಡ್ರಿ."

ಪಾದ್ರಿ ಆತ್ಮಾರಾಮ ಕೆಟ್ಟವರಲ್ಲ. ನಾರಾಯಣಖೇಡದಿಂದ ಸೈಕಲ್ ತುಳಿದು ಬರುತ್ತಿದ್ದರು, ಜ್ವರ ಬಂದವರ ಮನೆಗೂ ಹೋಗುತ್ತಿದ್ದರು. ಪೀರಪ್ಪ ಮನೆ ಹೊತ್ತು ತಂದದ್ದು ಕಂಡು ಅವರೂ ಗಾಬರಿಯಾಗಿದ್ದರು. ಆದರೆ ಸಭೆ ನೋಡುತ್ತಿದೆ, ಕುರ್ಚಿ ನೋಡುತ್ತಿದೆ. ಗಾಬರಿಯಾದ ಮನುಷ್ಯ ಪದ್ಧತಿಯ ಹಿಂದೆ ಬಚ್ಚಿಟ್ಟುಕೊಳ್ಳುತ್ತಾನೆ.

"ಬಾಳಮ್ಮ, ಪೀಠದ ಮುಂದ ಇಟ್ಟದ್ದು ದೇವರದಾತು. ಹೊಳ್ಳಿ ತಗೊಳ್ಳಾಕ ಬರೂದಿಲ್ಲ. ನಿನ್ನ ಗಂಡನ ವಿಶ್ವಾಸ ದೊಡ್ಡದದ."

"ವಿಶ್ವಾಸ ಅವಂದು, ಎಮ್ಮಿ ನಂದು! ನನ್ನ ನೆತ್ತಿ ನೋಡ್ರಿ" ಎಂದು ಬಾಳಮ್ಮ ಸೆರಗು ಸರಿಸಿದಳು. ಸಭೆಯಲ್ಲಿ ಹೆಂಗಸು ಸೆರಗು ತೆಗೆದದ್ದಕ್ಕೆ ಯಾರೋ ಲೊಚಗುಟ್ಟಿದರು. ಅವಳು ಲೆಕ್ಕಿಸಲಿಲ್ಲ. "ಎಲ್ಲಾ ಕೊಡಬೇಕು ಅಂತ ಹೇಳಿದ್ರಲ್ಲ, ಕೊಟ್ಟವ ನಾಳಿಗಿ ಯಾರ ಬಾಗಲಿಗಿ ಹೋಗಬೇಕ್ರಿ? ಅದನ್ನೂ ಹೇಳ್ರಿ."

"ಅದು ಮನಸ್ಸಿನ ಮಾತಮ್ಮ" ಎಂದು ಪಾದ್ರಿ ದನಿ ತಗ್ಗಿಸಿದರು. "ಮನಸ್ಸಿನಾಗಿನ ಆಶಾ ಬಿಡಬೇಕು ಅಂತ ಅದರ ಅರ್ಥ. ಸಾಮಾನೆಲ್ಲ ತಂದ ಹಾಕು ಅಂತ ನಾ ಅಂದಿಲ್ಲ."

ಬಾಳಮ್ಮನಿಗೆ ಮೈಯೆಲ್ಲ ಉರಿದುಹೋಯಿತು. "ಇದ್ದವರಿಗಿ ಹೇಳುಮುಂದ ಅದು ಮನಸ್ಸಿನ ಮಾತು. ನಮಗ ಹೇಳುಮುಂದ ಎಮ್ಮಿ ಮಾತ ಆಗ್ತದ. ಮನಸ್ಸಿನ ಮಾತಾದ್ರ ಎಮ್ಮಿ ಬಿಡ್ರಿ, ಅವನ ಮನಸ್ಸ ಇಟಗೊಳ್ರಿ!"

ಹೆಂಗಸರ ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಪಾದ್ರಿ ಪೀರಪ್ಪನ ಕಡೆ ನೋಡಿದರು. ಅವನು ಬೇವಿನ ಬೇರಿನ ಮೇಲೆ ಕುಳಿತಿದ್ದ, ಮುಖದ ತುಂಬ ಸಂತೋಷ. ಹೆಂಡತಿಯ ಮಾತು ಅವನಿಗೆ ಕೇಳಿಸುತ್ತಲೇ ಇರಲಿಲ್ಲ.

"ಬಾಳಿ, ಸುಮ್ಮನಿರು" ಅಂದ. "ಆ ಹುಡುಗನಂಗ ನಾ ಹೊಳ್ಳಿ ಹೋಗೂದಿಲ್ಲ. ಬಡವರು ಉಣ್ಣಲಿ."

ಆಗ ಕುರ್ಚಿಯಿಂದ ಮನ್ಮಥಪ್ಪ ಕೆಮ್ಮಿದ. ಹೊತ್ತು ಹೋಗುತ್ತಿದೆ ಮಾಸ್ತರರೆ ಎಂದು ಒಂದು ಬೆಲೆ ಹೇಳಿದ. ಆ ಬೆಲೆಗೆ ಎಮ್ಮೆ ಹಾಗಿರಲಿ, ಅದರ ಕರುವೂ ಬರುತ್ತಿರಲಿಲ್ಲ. ಕಲ್ಯಾಣಪ್ಪ ಮಾಸ್ತರರು ಬಾಯಿ ತೆರೆದು ಸಭೆಯನ್ನು ನೋಡಿದರು. ಅಲ್ಲಿದ್ದವರಲ್ಲಿ ಧಣಿಯ ಮೇಲೆ ಬೆಲೆ ಏರಿಸುವವರು ಯಾರು? ಏರಿಸಲು ಕೈಯಲ್ಲಿ ಇರಬೇಕು, ಇದ್ದರೂ ನಾಳೆ ಅವನ ಹೊಲದಲ್ಲಿ ತೊಗರಿ ಕೀಳಲು ಹೋಗಬೇಕು. ಮಾಸ್ತರರು ಒಂದು ಸಲ ಅಂದರು. ಎರಡು ಸಲ ಅಂದರು. ಮೂರನೆಯ ಸಲ ಹೇಳುವಾಗ ಅವರ ದನಿ ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. ನಿಂಬೆಹಣ್ಣು ಕೊಂಡವನು ಮತ್ತೆ ತಂದಿಡುತ್ತಾನೆ. ಎಮ್ಮೆ ಕೊಂಡವನು ಹಾಗೆ ಇಡುವುದಿಲ್ಲ.

ಮನ್ಮಥಪ್ಪ ಎದ್ದು ಧೋತರ ಕೊಡವಿಕೊಂಡ. ಅಂಗಳದ ಬಾಗಿಲ ಕಡೆ ನಡೆಯುತ್ತ, ಹಿಂದೆ ನೋಡದೆಯೇ, ಮೊದಲಿನಿಂದಲೂ ಕರೆದ ದನಿಯಲ್ಲಿ ಕರೆದ.

"ಪೀರ್ಯಾ, ಹೊಡಕೊಂಡ ಬಾ. ಅದರ ಮೇವಿನ ರೀತಿ ನಿನಗೇ ಗೊತ್ತದ. ನಾಳಿಂದ ನೀನೂ ಅಲ್ಲೇ ಇರು. ಮನ್ಯಾಗ ಈಗ ಏನೂ ಉಳದಿಲ್ಲಲ್ಲ."

"ಹ್ಞೂಂ ಧಣೇರ" ಎಂದ ಪೀರಪ್ಪ.

ಎದ್ದ. ಹಗ್ಗ ಬಿಚ್ಚಿದ. ಧಣಿಯ ನೆರಳು ತುಳಿಯದಷ್ಟು ದೂರ ಬಿಟ್ಟು, ತಲೆ ತಗ್ಗಿಸಿ, ಭುಜ ಒಳಗೆಳೆದುಕೊಂಡು ನಡೆಯತೊಡಗಿದ. ಬಾಳಮ್ಮ ಅದನ್ನು ಕಂಡಳು. ಜೀತ ಬಿಟ್ಟ ಈ ವರ್ಷಗಳಲ್ಲಿ ಅವನು ನೆಟ್ಟಗೆ ನಡೆಯುವುದನ್ನು ಕಲಿತಿದ್ದ. ಅದು ಮಾಯವಾಗಲು ಒಂದು ಕರೆ ಸಾಕಾಯಿತು. ಪೀಠದ ಮುಂದಿನಿಂದ ಎದ್ದ ಮನುಷ್ಯ ನೇರ ಕೊಟ್ಟಿಗೆಗೆ ಹೊರಟಿದ್ದ, ಅವಳು ಹೆತ್ತ ಆ ಮೂಲೆಗೆ, ಆ ಬೇರೆ ಬೋಗುಣಿಗೆ. ಇದಕ್ಕೆ ಆಮೆನ್ ಹೇಳಬೇಕೆ? ಅವಳು ಓಡಿಹೋಗಿ ಬಾಗಿಲಿಗೆ ಅಡ್ಡ ನಿಂತಳು. ಧಣಿ ಆಗಲೇ ದಾಟಿ ಹೊರಗೆ ನಿಂತಿದ್ದ. ಅವಳು ತಡೆದದ್ದು ಗಂಡನನ್ನು.

"ಕೌಶಲ್ಯಾನ ಅಪ್ಪಾ, ತಲಿ ಎತ್ತು. ಯಾರ ಹಿಂದ ಹೊಂಟಿ ನೋಡು."

"ಎಮ್ಮಿ ಬಿಟ್ಟ ಬರಾಕ..."

"ಎಮ್ಮಿ ಯಾರಿಗಿ ಕೊಟ್ಟಿ ನೀ?"

"ಸ್ವಾಮಿಗ. ಬಡವರಿಗಿ."

"ಹಂಗಾದ್ರ ಮುಂದ ಯಾರು ನಿಂತಾರ ನೋಡು. ಸ್ವಾಮಿನೋ, ಬಡವನೋ?"

ಪೀರಪ್ಪ ತಲೆ ಎತ್ತಿದ. ಹೆಂಡತಿ ಹೇಳಿದ್ದನ್ನು ಹಾಗೆಯೇ ಮಾಡುವವನು, ಪಾದ್ರಿ ಹೇಳಿದ್ದನ್ನು ಹಾಗೆಯೇ ಮಾಡಿದವನು. ಧಣಿಯನ್ನು ಮೇಲಿಂದ ಕೆಳಗೆ ನೋಡಿದ. ಕಾಲಿನ ಜೋಡು, ನಯವಾದ ಮಲ್ಲಿನ ಧೋತರ, ಬೆರಳಿನ ಉಂಗುರ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಏನೋ ಒಂದು ಲೆಕ್ಕ ಕೂಡದೆ ಒದ್ದಾಡುವವನ ಹಾಗಿದ್ದ.

"ಧಣೇರ" ಅಂದ, "ನೀವು ಬಡವರಲ್ಲಲ್ರಿ."

ಅಷ್ಟು ವರ್ಷಗಳಲ್ಲಿ ಪೀರಪ್ಪ ಧಣಿಗೆ ಹೂಂ ಬಿಟ್ಟು ಬೇರೆ ಮಾತು ಹೇಳಿದ್ದನ್ನು ಯಾರೂ ಕೇಳಿರಲಿಲ್ಲ.

"ಲಿಲಾವದಾಗ ಕೂಗೀನಲೇ" ಎಂದ ಮನ್ಮಥಪ್ಪ.

"ಕೂಗೀರಿ ಖರೆ. ಆದ್ರ ಇದು ಬಡವರಿಗಿ ಕೊಟ್ಟದ್ದದ." ಪೀರಪ್ಪ ಹಗ್ಗ ಹಿಡಿದೇ ಪಾದ್ರಿಯ ಕಡೆ ತಿರುಗಿದ. "ಪಾದ್ರಿ ಸಾಬ್ರ, ನೀವು ಓದಿದವರು, ನೀವ ಹೇಳ್ರಿ. ಇವರು ಬಡವರೇನ್ರಿ?"

ಇದಕ್ಕಿಂತ ಸುಲಭದ ಪ್ರಶ್ನೆಯನ್ನು ಪಾದ್ರಿ ಆತ್ಮಾರಾಮ ಅವರಿಗೆ ಯಾರೂ ಕೇಳಿರಲಿಲ್ಲ. ಅವರು ಹುಲ್ಲಿನ ಮಾಡನ್ನು ನೋಡಿದರು. ಬಾಗಿಲಾಚೆ ನಿಂತ ಸಾಹುಕಾರನನ್ನು ನೋಡಿದರು. ಆ ಹೊತ್ತಿಗೆ ಬಾಳಮ್ಮ ಅವರನ್ನು ದುರುಗುಟ್ಟಿ ನೋಡುತ್ತಿದ್ದಳು. ಹೇಳು, ಹೇಳಿಬಿಡು, ಹೋದ ವರ್ಷ ಸುತ್ತಿ ಬಳಸಿ ಹೇಳಿದ್ದನ್ನು ಇವತ್ತು ಮುಖಕ್ಕೆ ಹೇಳು ಎಂದು ಅವಳ ಕಣ್ಣು ಒದರುತ್ತಿತ್ತು.

"ಅಲ್ಲ" ಅಂದರು ಪಾದ್ರಿ. ಮತ್ತೊಮ್ಮೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ಇವರು ಬಡವರಲ್ಲ. ಈ ಎಮ್ಮಿ ಇವರಿಗಿ ಹೋಗಾಕ ಬರೂದಿಲ್ಲ."

ಇನ್ನು ಈ ಊರಲ್ಲಿ ತಗಡು ಹ್ಯಾಂಗ ಏರ್ತದ ನೋಡ್ತೀನಿ ಅನ್ನುವ ನಗೆ ನಕ್ಕು ಮನ್ಮಥಪ್ಪ ಹೊರಟುಹೋದ. ಅವನ ಹಾರ ಕುರ್ಚಿಯ ಮೇಲೆಯೇ ಉಳಿಯಿತು.

ಪೀರಪ್ಪ ಮಾತ್ರ ಹಗ್ಗ ಹಿಡಿದು ನಿಂತೇ ಇದ್ದ. "ಮತ್ತ ಬಡವರ್ಯಾರು ತೋರಸ್ರಿ. ನಾ ಕೊಟ್ಟ ಹೋಗ್ತೀನಿ."

ಜನ ಒಬ್ಬರ ಮುಖ ಒಬ್ಬರು ನೋಡಿದರು. ಚಾಪೆಯ ಮೇಲಿದ್ದ ಎಲ್ಲರೂ ಬಡವರೇ, ಆದರೆ ನಾನು ಎಂದು ಎದ್ದು ಹೇಳುವುದು ಅಷ್ಟು ಹಗುರವೆ? ಮೋನಮ್ಮ ಕೂಡ ಸೆರಗಿನ ಅಂಚು ಸುತ್ತುತ್ತ ಕುಳಿತಳು.

"ನಾನು" ಅಂದಳು ಬಾಳಮ್ಮ. "ಮನ್ಯಾಗ ಹಂಚಿಲ್ಲ, ಹಾಸಾಕಿಲ್ಲ, ಕಾಳಿಲ್ಲ. ಎಲ್ಲಾ ನನ್ನ ಗಂಡ ದಾನ ಮಾಡ್ಯಾನ. ಇವತ್ತ ಈ ಊರಾಗ ನನಗಿಂತ ಬಡವಿ ಯಾರದಾರ ಹೇಳ್ರಿ. ಕೊಡು ಇಲ್ಲಿ."

ಕೈ ಚಾಚಿದಳು. ಪೀರಪ್ಪ ಯೋಚನೆ ಮಾಡಿದ. ಮಾತು ಸರಿಯಿತ್ತು, ಎಲ್ಲಿಯೂ ತಪ್ಪು ಕಾಣಲಿಲ್ಲ. ಎರಡೂ ಕೈಯಿಂದ, ಕಾಣಿಕೆ ಒಪ್ಪಿಸುವವನ ಹಾಗೆ, ಹಗ್ಗವನ್ನು ಹೆಂಡತಿಗೆ ಒಪ್ಪಿಸಿದ.

ಆಮೇಲೆ ಹೆಂಗಸರು ಹೇಳಿಸಿಕೊಳ್ಳದೆಯೇ ಎದ್ದರು. ಮೋನಮ್ಮ ಕೊಡ ಎತ್ತಿದಳು, ಇನ್ನೊಬ್ಬಳು ಪರಾತ, ಮತ್ತೊಬ್ಬಳು ಕೋಳಿ ಹಿಡಿದಳು. ಕಲ್ಯಾಣಪ್ಪ ಮಾಸ್ತರರು ಕೌದಿಗಳನ್ನು ಕಂಕುಳಲ್ಲಿ ಇರುಕಿಕೊಂಡರು. ಪಾದ್ರಿ ಜೋಳದ ಚೀಲವನ್ನು ಸೈಕಲ್ ಮೇಲೆ ಹೇರಿ ತಳ್ಳಿಕೊಂಡು ಹಿಂದೆ ಬಂದರು. ಬಾಳಮ್ಮ ಬೇಡ ಎನ್ನಲಿಲ್ಲ, ಉಪಕಾರವಾಯಿತು ಎಂದೂ ಅನ್ನಲಿಲ್ಲ. ಅವಳ ಸಿಟ್ಟು ಇಳಿದಿರಲಿಲ್ಲ. ಇಳಿಯಬೇಕಾದ ಸಿಟ್ಟೂ ಅದಾಗಿರಲಿಲ್ಲ.

ಪೀರಪ್ಪ ಎಮ್ಮೆಯ ಪಕ್ಕ ನಡೆಯುತ್ತಿದ್ದ. ಸ್ವಲ್ಪ ದೂರ ಬಂದು ಮೆಲ್ಲಗೆ ಕೇಳಿದ.

"ಹಂಗಾದ್ರ ಬಾಳಿ, ನಾವು ಇದ್ದವರ ಪೈಕಿ ಅಲ್ಲೇನು?"

ಇಡೀ ಸಭೆಯ ಎದುರು ಬಾರದ ಅಳು ಅವಳಿಗೆ ಈಗ ಬಂತು. ಒಂದು ಎಮ್ಮೆಯನ್ನು ದೌಲತ್ತು ಎಂದು ನಂಬಿ ವರ್ಷವೆಲ್ಲ ಸಿರಿವಂತನ ಪಾಪವನ್ನು ತಲೆಯ ಮೇಲೆ ಹೊತ್ತು ತಿರುಗಿದವನಿಗೆ, ನೀನು ಬಡವ ಎಂದು ಅವಳ ಬಾಯಿಂದಲೇ ಹೇಳಿಸಬೇಕೆ? ಅವನ ಆ ಹೆಮ್ಮೆ ಯಾರಿಗೆ ಭಾರವಾಗಿತ್ತು? ಆದರೆ ಹೇಳದಿದ್ದರೆ ಬರುವ ವರ್ಷ ಮತ್ತೆ ಹಂಚು ಹೊತ್ತು ಹೊರಡುವವನು ಇವನೇ.

"ಅಲ್ಲ" ಅಂದಳು. "ನೀ ಆ ಹುಡುಗ ಅಲ್ಲ. ಅವಗ ಯಾರಿಗಿ ಕೊಡು ಅಂದಿದ್ದನೋ ಸ್ವಾಮಿ, ಆ ಬಡವ ನೀನು. ಕೊಡಬೇಕಾದದ್ದು ನಿನಗ."

ಪೀರಪ್ಪ ನಿಂತ. ಎಮ್ಮೆಯೂ ನಿಂತಿತು. ಆಮೇಲೆ ಹಿಂದೆ ಸೈಕಲ್ ತಳ್ಳಿಕೊಂಡು ಬರುತ್ತಿದ್ದ ಪಾದ್ರಿಯ ಕಡೆ ತಿರುಗಿ, ಒಂದಿಷ್ಟೂ ಸಿಟ್ಟಿಲ್ಲದೆ, ತಿಳಿಯದ್ದನ್ನು ತಿಳಿಯಲು ಕೇಳುವವನ ಹಾಗೆ ಕೇಳಿದ.

"ಪಾದ್ರಿ ಸಾಬ್ರ, ಮತ್ತ ಇಷ್ಟ ವರ್ಷ ಯಾರೂ ಕೊಡಲೇ ಇಲ್ಲಲ್ರಿ?"